ಟಾಕಿಯ ಹೆಣ್ಣು ಮೀನುಗಳು

ಬ್ಯಾಡಗಿಯ ನಮ್ಮ ಹಿತ್ತಲಲ್ಲಿ ಸಿಮೆಂಟಿನ ನೀರಿನ ಟಾಕಿಯೊಂದಿದೆ. ಸೊಳ್ಳೆಮರಿ ತಿನ್ನಲಿ ಎಂದು ಆಶಾ ಕಾರ್ಯಕರ್ತೆ ಅದರಲ್ಲಿ ಒಂದಷ್ಟು ಗಪ್ಪಿ ಮೀನು ಬಿಟ್ಟು ಹೋಗಿದ್ದಳು. ರಾಣೆಬೆನ್ನೂರಿನ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವ ನನಗೆ ಅವು ಹೊಸವಲ್ಲ. ಮೊಟ್ಟೆಯಿಡದೆ ಮರಿ ಹಾಕುವ ಮೀನು. ಹೆಣ್ಣುಗಳು ಬಣ್ಣದ ಗಂಡನ್ನೇ ಮೆಚ್ಚುತ್ತ ಬಂದದ್ದರಿಂದ ತಲೆಮಾರು ಕಳೆದಂತೆ ಗಂಡಿನ ಬಾಲ ಹಾಗೆ ಮಿರುಗಿತು ಎಂದು ಪ್ರತಿ ವರ್ಷ ಪಾಠ ಹೇಳುತ್ತೇನೆ. ಮೆಚ್ಚದಿದ್ದರೆ ಗಂಡು ಸುಮ್ಮನಿರುತ್ತದೆಯೇ? ಹಿಂದಿನಿಂದ ನುಗ್ಗುತ್ತದೆ. ಅದಕ್ಕೂ ಒದಗುವಂತೆ ಅದರ ಹೊಟ್ಟೆಯಡಿಯ ಈಜುರೆಕ್ಕೆ ಕಡ್ಡಿಯಂತೆ ಚೂಪಾಗಿದೆ. ತಪ್ಪಿಸಿಕೊಳ್ಳಬಲ್ಲ ಹೆಣ್ಣುಗಳು ಉಳಿದಂತೆ, ಅವನ್ನೂ ಮೀರಿಸುವ ಗಂಡುಗಳು ಹುಟ್ಟುತ್ತವೆ. ಈ ಜಗ್ಗಾಟಕ್ಕೆ ಕೊನೆಯೇ ಇಲ್ಲ.

ಹೊಳೆಯಲ್ಲಾದರೆ ಹೆಣ್ಣು ಸೆಳವಿನತ್ತ ಓಡೀತು. ಟಾಕಿಯಲ್ಲಿ ಎತ್ತ ತಿರುಗಿದರೂ ಗೋಡೆ. ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತ ನೋಡಿದೆ, ಮೂರು ಗಂಡು ಸೇರಿ ಒಂದು ಹೆಣ್ಣನ್ನು ಮೂಲೆಗೆ ಒತ್ತಿದ್ದವು. ನನಗೆ ಮೈಯೆಲ್ಲ ಉರಿಯಿತು. ಚಹಾ ಸೋಸುವ ಜರಡಿಯಿಂದ ಗಂಡುಗಳನ್ನೆಲ್ಲ ಹಿಡಿದು ಬಕೆಟ್ಟಿಗೆ ಹಾಕಿದೆ.

"ಹಡೆದ ಎರಡೂ ಹೆಣ್ಣ ಆಗ್ಯಾವ, ಇನ್ನೊಂದ ಸಲ ನೋಡೂಣು ಅಂದ್ರ ನಿನಗ ಮೀನಿನ ಚಿಂತಿ," ಎಂದರು ಅತ್ತೆ.

ನನಗೆ ಎರಡು ಸಾಕಾಗಿತ್ತು. ಮಕ್ಕಳಾಗದಂತೆ ಆಪರೇಷನ್ ಮಾಡಿಸಿಕೊಳ್ಳುವ ಮಾತು ತೆಗೆದರೆ ನಮ್ಮ ಯಜಮಾನರು ಫೋನಿನಲ್ಲಿ ಮುಖ ಹುದುಗಿಸುತ್ತಿದ್ದರು. ಆ ವಾರವೇ ಹಾಸಿಗೆ ಸುತ್ತಿಕೊಂಡು ಮಕ್ಕಳ ಕೋಣೆಗೆ ಹೋದೆ.

ತಿಂಗಳಾಗುವಷ್ಟರಲ್ಲಿ ಟಾಕಿಯ ತುಂಬ ಮರಿಗಳು. ಒಮ್ಮೆ ಸಿಕ್ಕ ವೀರ್ಯವನ್ನು ಹೆಣ್ಣು ತಿಂಗಳುಗಟ್ಟಲೆ ಒಡಲಲ್ಲಿ ಕಾಯ್ದಿಟ್ಟುಕೊಳ್ಳುತ್ತದೆ. ಪರೀಕ್ಷೆಯಲ್ಲಿ ನಾನೇ ಕೇಳುವ ಪ್ರಶ್ನೆ, ಜರಡಿ ಹಿಡಿದಾಗ ನೆನಪಾಗಿರಲಿಲ್ಲ.

"ಗಂಡಸರನ್ನ ದೂರ ಇಟ್ಟ ಏನ ಮಾಡ್ದಿ?" ಅತ್ತೆಗೆ ನಗೆಯೋ ನಗೆ. ಹಾಸಿಗೆ ಬೇರೆ ಮಾಡಿದರಷ್ಟೇ ಸಾಲದು ಎಂದು ನನಗೆ ಹೆದರಿಕೆಯಾಯಿತು.

ಮರುದಿನ ಹಟ ಹಿಡಿದು ಯಜಮಾನರನ್ನು ಕರೆದುಕೊಂಡು ಆಪರೇಷನ್ನಿಗೆಂದು ಹಾವೇರಿಯ ಆಸ್ಪತ್ರೆಗೆ ಹೋದೆ. ಮೊದಲು ಮೂತ್ರ ಪರೀಕ್ಷೆ ಮಾಡಿದರು. "ಆಪರೇಷನ್ ಈಗ ಆಗೂದಿಲ್ರಿ ಮೇಡಂ, ನೀವು ಬಸರಿ ಅದೀರಿ," ಎಂದಳು ನರ್ಸ್. ದಿನ ಎಣಿಸಿದೆ. ಹಾಸಿಗೆ ಬೇರೆ ಮಾಡುವ ಮೊದಲೇ ಆಗಿಹೋಗಿತ್ತು.

ಯಜಮಾನರ ಮುಖ ಅರಳಿತು.

"ನನಗ ಬ್ಯಾಡಾಗಿತ್ರಿ," ಎಂದೆ.

"ಈಗ ಆಗೇತಲ್ಲ," ಎನ್ನುತ್ತ ಅವರು ತಾಯಿಗೆ ಫೋನ್ ಮಾಡಲು ಹೊರಗೆ ಹೋದರು.