ಭಾರದ ಕ್ಯಾಮೆರಾ

ಆಗ ನನಗ ಮೂವತ್ತು ದಾಟಿತ್ತು. ಅದಾಗಿ ಮೂವತ್ತೈದು ವರ್ಷ ಆತು. ನಿನ್ನೆ ಟ್ರಂಕಿನ್ಯಾಗ ಹಳೇ ಕೌದಿ ಹುಡುಕುವಾಗ ಒಂದು ಪ್ಲಾಸ್ಟಿಕ್ ಕ್ಯಾಮೆರಾ ಕೈಗೆ ಸಿಕ್ತು. ಮೊಮ್ಮಗಳು ಅದನ್ನ ಕೈಯಾಗ ತೂಗಿ, "ಆಯೀ, ಎಷ್ಟ್ ಭಾರ ಅದ! ಭಾರಿ ಕಂಪನಿದು ಇರಬೇಕು" ಅಂದ್ಲು. ನನಗ ನಗು ತಡೀಲಿಲ್ಲ.

ಅದು ನನ್ನ ಮೈದುನ ಶಹಾಪುರ ಬಜಾರದಾಗ ತಂದದ್ದು, ನಮ್ಮತ್ತಿ ಸಲುವಾಗಿ. ನಮ್ಮ ಸುರಪುರದ ಕಡೆ ಯಾರರ ಸತ್ರ ಖುರ್ಚ್ಯಾಗ ಕೂಡಿಸಿ, ಟವೆಲ್ಲಿಲೆ ಬಿಗದು, ಹೂ ಹಾಕಿ ಫೋಟೋ ತೆಗಸ್ತಾರ. ಬದುಕಿದ್ದಾಗ ಯಾರಿಗೂ ನೆನಪಾಗಂಗಿಲ್ಲ. ನಮ್ಮ ಮಾವಂದೂ ಹಂಗೇ ಆತು. ಫೋಟೋದಾಗ ಕುತ್ತಿಗಿ ವಾಲಿ, ಗ್ವಾಡಿ ಮ್ಯಾಲ ಇವತ್ತಿಗೂ ಮಗ್ಗಲ ಮನಿ ಜಗಳ ಕೇಳಾಕತ್ತಾರ. ಅದನ್ನ ನೋಡಿ ನೋಡಿ ನಮ್ಮತ್ತಿಗೆ ಧಾಸ್ತಿ, ತನಗೂ ಹಂಗೇ ಆದೀತಂತ ಅಂಜಿಕಿ. ಎದಿ ಬ್ಯಾನಿ ಜೋರಾದ ವರ್ಷ ನನ್ನ ಕೈ ಹಿಡಕೊಂಡು, "ನನ್ನ ಹಂಗ ಕಟ್ಟಬ್ಯಾಡ್ರವ್ವಾ. ಕಣ್ಣ ತೆರದಿದ್ದಾಗ ಒಂದು ತೆಗಸ್ರಿ" ಅಂದಿದ್ಲು.

ಕ್ಯಾಮೆರಾ ಅಂದ್ರ ಸಾಬೂನು ಡಬ್ಬಿಯಷ್ಟು. ಮುಂದ ಎಮ್ಮಿ ಕಣ್ಣಿನಂಥಾ ಕಣ್ಣು, ಅದರ ನಡುವ ಹೆಸರುಕಾಳಿನಷ್ಟು ಗಾಜು. ಉಳಿದದ್ದೆಲ್ಲಾ ಸೋಗು.

"ವೈನಿ, ಹಿಡದು ನೋಡ್ರಿ. ಭಾರ ಇದ್ರ ಅಸಲಿ ಮಾಲು," ಅಂತ ಮೈದುನ ಮೆರದ.

ಅತ್ತಿ ಹಸರ ಸೀರಿ ಉಟ್ಟು ಅಂಗಳದ ಬಿಸಲಾಗ ಕುಂತ್ಲು. ಕಣ್ಣಾಗ ನೀರು ಸೋರಿದ್ರೂ ರೆಪ್ಪಿ ಬಡೀಲಿಲ್ಲ. ಟಕ್ ಅಂತು. ಮೈದುನ ಕ್ಯಾಮೆರಾ ಕಟ್ಟಿ ಮ್ಯಾಲಿಟ್ಟು ಊಟಕ್ಕ ಕುಂತ. ಅತ್ತಿ ಅದನ್ನ ಎತ್ತಿ ತೂಗಿದ್ಲು.

"ಮದಲಿಗಿಂತ ಭಾರ ಆಗ್ಯಾದ. ಒಳಗ ಬಂದೀನಿ ಬಿಡು."

ಛೊಲೋ ಕುಂತೀನೋ ಇಲ್ಲೋ ನೋಡ್ತೀನಂತ ಹಿಂದಿನ ಮುಚ್ಚಳ ತೆಗದೇ ಬಿಟ್ಲು.

ಮೈದುನ ಎಂಜಲ ಕೈಲೆ ಓಡಿ ಬಂದ. "ಯವ್ವಾ! ರೀಲಿಗೆ ಬಿಸಲು ಬಿತ್ತು, ನೀ ಅಳಿಸಿ ಹೋದಿ!"

"ಮುಂಜಾನಿಂದ ಬಿಸಲಾಗೇ ಕುಂತೀನಿ. ಆಗ ಅಳಿಸಿಲ್ಲ, ಈಗ ಹ್ಯಾಂಗ ಅಳಿಸ್ತೀನೋ?"

ಸಿಟ್ಟಿಲೆ ಆಂವ ಕ್ಯಾಮೆರಾ ಕುಕ್ಕಿದ. ತಳ ಬಿಚ್ಚಿ ಒಂದು ಕಬ್ಬಿಣದ ತುಂಡು ಬಿತ್ತು. ಯಾವುದಕ್ಕೂ ಹತ್ತಿದ್ದಲ್ಲ, ಕೈಗೆ ತೂಕ ಹತ್ತಲಿ ಅಂತ ಮಾಡಿದಾಂವ ಸುಮ್ನ ಇಟ್ಟಿದ್ದು. ಆಮ್ಯಾಲ ನಾನೇ ಅದನ್ನ ಒಳಗ ತುರುಕಿ ಮುಚ್ಚಿದೆ.

"ನಿನ್ನಂಗೇ ಅದ ನೋಡಪಾ," ಅಂದ್ಲು ಅತ್ತಿ. "ಭಾರ ಅದ, ಕೆಲಸಿಲ್ಲ."

ನಾಳಿ ಹೊಸಾ ರೀಲು ತರ್ತೀನಿ ಅಂತ ಮೈದುನ ಗೊಣಗಿದ. ಅತ್ತಿ ನಕ್ಕೋತ ಒಳಗ ಹೋಗಿ ಅಡ್ಡಾದ್ಲು. ಸಂಜಿಕ ದೀಪ ಹಚ್ಚಿ ಎಬ್ಬಸಾಕ ಹೋದ್ರ ಜೀವ ಇರಲಿಲ್ಲ.

ಮರುದಿನ ಮುಂಜಾನಿ ಓಣಿ ಹಿರ್ಯಾರು ಸ್ಟುಡಿಯೋದವನ್ನ ಕರಕೊಂಡು ಬಂದ್ರು. ಒಬ್ಬಾಂವ ಟವೆಲ್ ಝಾಡಿಸಿ, "ಖುರ್ಚಿ ತರ್ರಿ" ಅಂದ. ಮನ್ಯಾಗ ಇದ್ದದ್ದು ಒಂದೇ ಖುರ್ಚಿ. ನಾ ಹೋಗಿ ಅದರಾಗ ಕುಂತೆ. ಏಳವ್ವಾ ಅಂದ್ರು, ಬೈದ್ರು. ಅತ್ತಿನ್ನ ಹೊತ್ತೊಯ್ಯೂತನಕ ಏಳಲಿಲ್ಲ.