ಖಂಡೇನವಮಿಯಂದು ಕಂಪ್ಯೂಟರ್ ಚಾಲೂ ಮಾಡಿದವನು

ದಸ್ತಗೀರ ಕಾಕಾ, ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿದವನು ನಾನು. ನೀವಲ್ಲ. ಒಂಬತ್ತು ವರ್ಷದಿಂದ ಈ ಮಾತು ಗಂಟಲಲ್ಲಿ ಸಿಕ್ಕಿಕೊಂಡಿತ್ತು— ಇಲ್ಲ, ಸಿಕ್ಕಿಕೊಂಡಿರಲಿಲ್ಲ, ನಾನೇ ನುಂಗಿಕೊಂಡಿದ್ದೆ.

ಗೋಪನಕೊಪ್ಪದ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಂಪ್ಯೂಟರ್. ಅಣ್ಣ ಬಸವರಾಜ ಅದರಲ್ಲಿ ಮದುವೆಯ ವಿಡಿಯೊ ಕೂಡಿಸುತ್ತಿದ್ದ. ನನಗೆ ಕಾಲೇಜಿನ ಪಾಠಕ್ಕೆ ವಿಂಡೋಸ್ ಅಲ್ಲದ ಇನ್ನೊಂದು ವ್ಯವಸ್ಥೆ, ಲಿನಕ್ಸ್, ಬೇಕಿತ್ತು. ವಿಂಡೋಸ್ ಅವನಿಗೆ, ಲಿನಕ್ಸ್ ನನಗೆ, ಒಂದರಲ್ಲೇ ಎರಡೂ ಇರಲಿ ಎಂದು ರಿಪೇರಿ ಅಂಗಡಿಯಿಂದ ನಿಮ್ಮನ್ನು ಕರೆಸಿದೆವು. ಆಯುಧಪೂಜೆಯ ಮುನ್ನಾದಿನ ನೀವು ಬಂದು ಡಿಸ್ಕಿನಲ್ಲಿ ಲಿನಕ್ಸಿಗೆ ಬೇರೆ ಜಾಗ ಮಾಡಿ, ಅದನ್ನು ತುಂಬಿದ್ದ ಪೆನ್‌ಡ್ರೈವ್ ಮೇಜಿನ ಮೇಲಿಟ್ಟಿರಿ. "ನಾಳೆ ಖಂಡೇ ಪೂಜಿ, ಮುಟ್ಟೂದು ಬ್ಯಾಡ. ನಾಡಿದ್ದ ನಾನ ಬಂದು ಹಾಕ್ತೇನಿ. ಅವಸರಾ ಮಾಡಬ್ಯಾಡಪಾ."

ಮರುದಿನ ಅವ್ವ ಕಂಪ್ಯೂಟರಿಗೆ ವಿಭೂತಿ ಬಳಿದು, ಚಾಲೂ ಮಾಡುವ ಗುಂಡಿಗೆ ಕುಂಕುಮ ಹಚ್ಚಿ, ಹೂವು ಏರಿಸಿದಳು. ಪೂಜೆಗಿಟ್ಟದ್ದನ್ನು ಆ ದಿನ ಯಾರೂ ಚಾಲೂ ಮಾಡುವುದಿಲ್ಲ. ಮಧ್ಯಾಹ್ನ ಎಲ್ಲರೂ ಉಂಡು ಮಲಗಿದಾಗ ನಾನು ಪೆನ್‌ಡ್ರೈವ್ ಸಿಕ್ಕಿಸಿ ಚಾಲೂ ಮಾಡಿದೆ. ಲಿನಕ್ಸನ್ನು ವಿಂಡೋಸ್ ಪಕ್ಕದಲ್ಲಿ ಹಾಕಲೇ, ಎಲ್ಲ ಅಳಿಸಿ ಹಾಕಲೇ ಎಂದು ಪರದೆ ಕೇಳಿತ್ತು— ನಾನು ಓದಲೇ ಇಲ್ಲ; ಒತ್ತುತ್ತ ಹೋದೆ. ತಿಳಿದಾಗ ವೈರ್ ಕಿತ್ತೆ. ಅಷ್ಟರಲ್ಲಿ ಅಣ್ಣ ಕೂಡಿಸುತ್ತಿದ್ದ ಅಮ್ಮಿನಬಾವಿಯ ಮದುವೆಯ ವಿಡಿಯೊ ಪೂರ್ತಿ ಹೋಗಿತ್ತು. ಅದರ ಪ್ರತಿ ಬೇರೆಲ್ಲೂ ಇರಲಿಲ್ಲ. ಗುಂಡಿಯ ಕುಂಕುಮ ನನ್ನ ಬೆರಳಿಗೆ ಹತ್ತಿತ್ತು. ಬಟ್ಟಲಿನಿಂದ ತೆಗೆದು ಮತ್ತೆ ಹಚ್ಚಿಟ್ಟೆ.

ಮರುದಿನ, ದಸರೆಯ ಬೆಳಿಗ್ಗೆ, ಅಣ್ಣ ಚಾಲೂ ಮಾಡಿದರೆ ಬರೀ ಕಪ್ಪು ಪರದೆ. "ಕುಂಕುಮಾ ಹಂಗ ಐತಿ. ಮನ್ಯಾಗ ಯಾರೂ ಮುಟ್ಟಿಲ್ಲ. ಅಂವನ ಮಾಡ್ಯಾನ!" ಎಂದು ಕೂಗುತ್ತ, ನನ್ನನ್ನೂ ಗಾಡಿಯ ಮೇಲೆ ಕೂರಿಸಿಕೊಂಡು ಬೈರಿದೇವರಕೊಪ್ಪದ ನಿಮ್ಮ ಅಂಗಡಿಗೆ ಬಂದ. ನೀವು ನಗುತ್ತ ಎದ್ದಿರಿ.

"ಬರ್ರಿ ಬರ್ರಿ, ಹಬ್ಬದ ಬನ್ನಿ ಎಲಿ ಕೊಡಾಕ ಬಂದ್ರೇನು?"

ಅಣ್ಣನ ಮೊದಲ ಗುದ್ದಿಗೇ ನಿಮ್ಮ ಮೂಗಿನಿಂದ ರಕ್ತ ಬಂತು. ಕೆಡವಿ ಒದ್ದ. ಅಲ್ಲಿದ್ದ ಕಂಪ್ಯೂಟರಿನ ತಗಡೊಂದನ್ನು ಎತ್ತಿ ಬೆನ್ನಿಗೆ ಬಾರಿಸಿದ. ಮಂದಿ ಕೂಡಿತು. ನೀವು ಹೊಸ್ತಿಲಿಗೆ ಕೈಯೂರಿ ಹೊರಗೆ ತೆವಳುತ್ತಿದ್ದಾಗ ಅವನು ಶಟರ್ ಎಳೆದ— ಬಲಗೈ ಅದರಡಿ ಸಿಕ್ಕಿತು. ಎಲುಬು ಮುರಿದದ್ದು ನನಗೆ ಕೇಳಿಸಿತು.

"ತಮ್ಮಾ, ನೀನರ ಹೇಳಪಾ... ನಾ ಬರೇ ಜಾಗಾ ಅಷ್ಟ ಮಾಡಿದ್ದೆ, ಹೌದಿಲ್ಲೋ?"

"ಸುಳ್ಳು ಹೇಳಬ್ಯಾಡ್ರಿ. ನೀವ ಅಳಿಸೀರಿ" ಎಂದೆ. ಅಷ್ಟಕ್ಕೇ ಅಣ್ಣ ನಂಬಲಿಕ್ಕಿಲ್ಲ ಎಂದು ಹೆದರಿ— ರಕ್ತ ಸುರಿಯುತ್ತಿದ್ದ ನಿಮ್ಮ ಕಪಾಳಕ್ಕೆ ನಾನೂ ಹೊಡೆದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ!

ನಿಮ್ಮ ಮೂರು ಬೆರಳು ಮತ್ತೆ ಮಡಚಲಿಲ್ಲ. ಸ್ಕ್ರೂಡ್ರೈವರ್ ಹಿಡಿಯಲಾಗದೆ ರಿಪೇರಿ ಬಿಟ್ಟಿರಿ. ಅದೇ ಓಣಿಯಲ್ಲಿ ನೀವು ಎಡಗೈಯಿಂದ ಮೊಬೈಲ್ ಕವರ್ ಮಾರುವುದನ್ನು ಕಂಡು ಎಷ್ಟು ಸಲ ಗಾಡಿ ತಿರುಗಿಸಿದ್ದೇನೋ.

ಇವತ್ತು ಅಣ್ಣನಿಗೆ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ. ಅವನು ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಕುಳಿತ. "ನನ್ನ ಕಡಿಂದ ಎಂಥಾ ಪಾಪಾ ಮಾಡಿಸಿದ್ಯೋ..." ಎಂದು ಅತ್ತ.

ನಾಳೆ ಸಂಜೆ, ಓಣಿಯಲ್ಲಿ ಮಂದಿ ತುಂಬಿರುವ ಹೊತ್ತಿಗೇ ಬರುತ್ತೇನೆ ಕಾಕಾ. ಸುಳ್ಳನ್ನು ಅವರ ಮುಂದೆ ಹೇಳಿದ್ದೆ, ಖರೆಯನ್ನೂ ಅವರ ಮುಂದೆಯೇ ಹೇಳುತ್ತೇನೆ. ಕ್ಷಮಿಸಿ ಎನ್ನಲು ನನಗೆ ಬಾಯಿಲ್ಲ. ನೀವು ಹೊಡೆದರೆ ಮುಖ ತಿರುಗಿಸುವುದಿಲ್ಲ. ಪೊಲೀಸರನ್ನು ಕರೆದರೆ ಅವರೊಂದಿಗೆ ನಡೆಯುತ್ತೇನೆ.