ಪ್ರೂಫ್ ತಿದ್ದುವವನ ಸ್ಕ್ರೀನ್ ರೆಕಾರ್ಡಿಂಗ್

ಇಪ್ಪತ್ತೆರಡು ವರ್ಷದಿಂದ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದುತ್ತಿರುವವನು ನಾನು. ಮದುವೆಯ ಕಾಗದ ಕೈಗೆ ಬಂದರೆ ಯಾರ ಮದುವೆ ಎಂದು ನೋಡುವ ಮೊದಲು ಅಲ್ಪವಿರಾಮ ನೋಡುತ್ತೇನೆ. ಹೆಂಡತಿ ಇದನ್ನು ಕಾಯಿಲೆ ಎನ್ನುತ್ತಾಳೆ, ನಾನು ಕಸುಬು ಎನ್ನುತ್ತೇನೆ. ಈಚೆಗೆ ಕಂಪ್ಯೂಟರ್ ಕಲಿಸುವ ವಿಡಿಯೋ ಮಾಡುವ ಹುಚ್ಚೂ ಹತ್ತಿಕೊಂಡಿದೆ.

ನನ್ನಕ್ಕ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ನರ್ಸು. ರೋಗಿಗಳ ವಿವರವನ್ನೆಲ್ಲ ಇನ್ನುಮುಂದೆ ಕಂಪ್ಯೂಟರಿಗೇ ಹಾಕಬೇಕೆಂದು ಅಲ್ಲಿ ಹೊಸ ನಿಯಮ ಬಂತು. ಸೋಮವಾರ ಪರೀಕ್ಷೆ; ಫೇಲಾದವರು ವಾರ್ಡು ಬಿಟ್ಟು ಸ್ಟೋರ್ ರೂಮಿಗೆ. ಆ ವಾರ್ಡೆಂದರೆ ಅಕ್ಕನಿಗೆ ಪ್ರಾಣ. "ನಿಧಾನವಾಗಿ ಒಂದು ವಿಡಿಯೋ ಮಾಡಿ ತೋರಿಸ್ಕೊಡೋ," ಎಂದು, ಅಭ್ಯಾಸಕ್ಕೆ ಕೊಟ್ಟಿದ್ದ ಸುಳ್ಳು ರೋಗಿಗಳ ಪಟ್ಟಿಯನ್ನು ನನ್ನ ಕಂಪ್ಯೂಟರಿನಲ್ಲಿ ತೆರೆದಿಟ್ಟು ಹೋದಳು.

ಮೊದಲ ಸಲ ರೆಕಾರ್ಡ್ ಮಾಡುವಾಗ ಕನ್ನಡಕ ಸಿಗಲಿಲ್ಲ. ಅಕ್ಷರಗಳನ್ನು ಎರಡು ಪಟ್ಟು ದೊಡ್ಡದು ಮಾಡಿಕೊಂಡು ಶುರುಮಾಡಿದೆ. ನಡುವೆ ಒಬ್ಬನ ಜ್ವರವನ್ನು ಇನ್ನೊಬ್ಬನ ಹೆಸರಿಗೆ ಸೇವ್ ಮಾಡಿ, "ಅಯ್ಯಯ್ಯೋ, ಕೆಟ್ಟೆ!" ಎಂದು ಕಿರುಚಿದೆ. ಪರದೆಯ ತುಂಬ ತಡಕಾಡಿ, ಅಂತೂ ತಿದ್ದುವ ಜಾಗ ಹುಡುಕಿ ಬೆವರೊರೆಸಿಕೊಂಡೆ. ಆ ವಿಡಿಯೋ ಕಸ ಎಂದು ಬದಿಗಿಟ್ಟೆ.

ಹೆಂಡತಿ ಪ್ರಿಂಟರಿನ ಹಿಂದಿನಿಂದ ಕನ್ನಡಕ ಹುಡುಕಿಕೊಟ್ಟ ಮೇಲೆ ದೊಡ್ಡ ಮಾನಿಟರಿನ ಇಡೀ ಪರದೆಯನ್ನು ಗಾಜಿನಷ್ಟು ಸ್ವಚ್ಛವಾಗಿ ಮತ್ತೆ ರೆಕಾರ್ಡ್ ಮಾಡಿದೆ. ಕೆಮ್ಮು, ಉಸಿರು, ಮೌಸ್ ಅಲೆದಾಡಿದ್ದು ಎಲ್ಲಕ್ಕೂ ಕತ್ತರಿ. ಹತ್ತೊಂಬತ್ತು ನಿಮಿಷ ಹೋಗಿ ನಾಲ್ಕಾಯಿತು. ನನ್ನ ಬೆನ್ನು ನಾನೇ ತಟ್ಟಿಕೊಂಡು ಅಕ್ಕನ ಫೋನಿಗೆ ಕಳಿಸಿದೆ.

ಸೋಮವಾರ ಸಂಜೆ ಅಕ್ಕ ಬಂದಳು.

"ಪಾಸಾದೆ ಕಣೋ!"

"ಮತ್ತೆ? ನನ್ನ ವಿಡಿಯೋ ಅಂದ್ರೆ ಸುಮ್ನೇನಾ?"

"ಆ ನಾಲ್ಕು ನಿಮಿಷದ್ದಾ? ಫೋನಲ್ಲಿ ಅಕ್ಷರ ಇರುವೆ ಸಾಲು. ಏನು ಎತ್ತ ಅನ್ನೋದ್ರೊಳಗೆ ಮುಗಿದೇ ಹೋಯ್ತು. ನಾನು ನೋಡಿದ್ದು ಇನ್ನೊಂದನ್ನ."

ಫೋನು ತೆಗೆದು ನೋಡಿದೆ. ಕಸದ ಫೈಲೂ ಜೊತೆಗೇ ಹೋಗಿತ್ತು. ದೀಪದ ಬುಡ ಕತ್ತಲೆ ಎಂದು ನನ್ನಂಥವನನ್ನು ನೋಡಿಯೇ ಹೇಳಿರಬೇಕು.

"ಪರೀಕ್ಷೇಲಿ ನಾನೂ ಒಂದು ಮಗುವಿನ ಜ್ವರಾನ ಇನ್ನೊಂದಕ್ಕೆ ಹಾಕ್ಬಿಟ್ಟೆ. ಆಮೇಲೆ ನೀನು ಎಲ್ಲೆಲ್ಲಿ ತಡಕಾಡಿದ್ಯೋ ಅಲ್ಲಲ್ಲೇ ತಡಕಾಡಿ ಸರಿಮಾಡ್ದೆ."

ನನಗೆ ಖುಷಿಯೂ ಆಯಿತು, ಹೊಟ್ಟೆಯೂ ಉರಿಯಿತು. "ಹಾಗಾದ್ರೆ ಅದನ್ನೇ ಸ್ವಲ್ಪ ತಿದ್ದಿ ಕೊಡ್ಲಾ?" ಎಂದೆ.

ನಾಳೆ ವಾರ್ಡಿನಲ್ಲಿ ಬೆಳಗಿನ ಪಾಳಿ ಎಂದು ಹೊರಟಿದ್ದ ಅಕ್ಕ ಬಾಗಿಲಲ್ಲಿ ತಿರುಗಿದಳು.

"ನಿನ್ನ ದಮ್ಮಯ್ಯ, ಅದನ್ನ ಮಾತ್ರ ಮುಟ್ಬೇಡ. ಉಳಿದ ನರ್ಸುಗಳಿಗೂ ಕಳಿಸಿದ್ದೀನಿ. ತಪ್ಪಾಗಿದೆ ಅಂತ ಗೊತ್ತಾಗೋದೇ ನೀನು ಕಿರುಚಿದಾಗ."